ರೊಟ್ಟಿ ಬಡಿದ ಬಲಗೈ

"ಬಲಗೈ ಕೊಡವ್ವ ಇತ್ಲಾಗೆ. ನಾನೇನು ಕಡಿಯಲ್ಲ."

ಗಂಗವ್ವ ಮೇಜಿನ ಆಚೆಯಿಂದ ಕೈ ಚಾಚಿದಳು. ರುದ್ರಮ್ಮ ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಕನ್ನಡಕ ಹಣೆಗೇರಿಸಿ, ಭೂತಗನ್ನಡಿ ಕಣ್ಣಿಗೊತ್ತಿಕೊಂಡು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಒಂದೊಂದೇ ಬೆರಳು ನೋಡುತ್ತಾ ಹೋದಳು. ನಡುಬೆರಳಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

"ಏನಾಯ್ತು ಆಂಟಿ?" ಎಂದಳು ಗಂಗವ್ವನ ವಕೀಲೆ ಹಾದಿಯಾ.

"ಏನೂ ಕಾಣ್ತಿಲ್ಲ. ಏನೂ ಕಾಣದೆ ಇರೋದೇ ನನಗೆ ಬೇಕಾಗಿದ್ದು."

ಅಮೆರಿಕದ ನಾರ್ತ್‌ವಿಲ್ ಪಕ್ಕದ ವಾಲ್ನಟ್‌ಫೋರ್ಡ್ ಎಂಬ ಪುಟ್ಟ ಊರಿನಲ್ಲಿ ಡಾಕ್ಟರ್ ಉಪೇಂದ್ರನ ತಂದೆ ವೆಂಕಟರಾಮು, ಯಾರೋ ಚುಚ್ಚಿದ ಇನ್ಸುಲಿನ್‌ನಿಂದ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿ ಅಂದಿಗೆ ಒಂಬತ್ತು ದಿನ. ಅಡುಗೆಮನೆಯ ಕಸದ ಬುಟ್ಟಿಯಲ್ಲಿ ಸಿಕ್ಕ ಖಾಲಿ ಸೀಸೆಯ ಮೇಲೆ ಅಡುಗೆಯ ಗಂಗವ್ವನ ಬೆರಳಚ್ಚಿದೆ ಎಂದು ಪೊಲೀಸರು ಅವಳನ್ನು ಒಳಗೆ ಹಾಕಿದ್ದರು. "ನಾ ಅದನ್ನ ಮುಟ್ಟೇ ಇಲ್ರಿ" ಅನ್ನುವುದು ಗಂಗವ್ವನ ಒಂದೇ ಮಾತು.

ಆ ಮಧ್ಯಾಹ್ನ ನಾಲ್ಕಕ್ಕೆ ಪಕ್ಕದ ಕಟ್ಟಡದ ಕೋರ್ಟಿನಲ್ಲಿ ಅವಳ ಸರದಿ. ಸರ್ಕಾರಿ ವಕೀಲರು ಒಂದು ಕಾಗದ ಮುಂದಿಟ್ಟಿದ್ದರು. ತಪ್ಪು ಒಪ್ಪಿಕೊಂಡು ಸಹಿ ಹಾಕಿದರೆ ಸಣ್ಣ ಆರೋಪ, ಒಂದು ವರ್ಷ ಜೈಲು, ಆಮೇಲೆ ಊರಿಗೆ ವಿಮಾನ. ಹಾಕದಿದ್ದರೆ ಕೊಲೆಯತ್ನದ ಮೊಕದ್ದಮೆ. ಅದರಲ್ಲಿ ಸೋತರೆ ಐವತ್ತೆಂಟರ ಗಂಗವ್ವ ಬದುಕಿರುವಾಗ ಹೊರಗೆ ಬರುವುದು ಅನುಮಾನ. ಪೊಲೀಸ್ ಠಾಣೆಯ ಆ ಕೋಣೆಯ ಗಡಿಯಾರದಲ್ಲಿ ಆಗ ಒಂದೂ ಮುಕ್ಕಾಲು.

"ಎಷ್ಟು ವರ್ಷದಿಂದ ರೊಟ್ಟಿ ಬಡೀತಿದ್ದೀಯ ಗಂಗವ್ವ?"

"ಎಂಟ ವರ್ಷದಾಕಿ ಇದ್ದೆ ನೋಡ್ರಿ, ಅವಾಗಿಂದ. ಬಾಗಲಕೋಟಿ ಬಸ್ ಸ್ಟ್ಯಾಂಡ್ ಹಂತ್ಯಾಕ ನಮ್ಮವ್ವಂದು ಖಾನಾವಳಿ ಇತ್ತು. ಆಮ್ಯಾಲ ನಾನ ನಡಿಸಿದೆ. ದಿನಾ ಇನ್ನೂರು ರೊಟ್ಟಿ."

"ಬಿಸಿ ಹಂಚಿನ ಮೇಲೆ ರೊಟ್ಟಿಗೆ ನೀರು ಸವರೋದು?"

"ಕೈಲೇರಿ. ಅರಿವಿ ಹಿಡಕೊಂಡು ಸವರಾವ್ರು ಹೊಸಬರು."

ರುದ್ರಮ್ಮನಿಗೆ ನಗು ಬಂತು. ಈ ಊರಿಗೆ ಬಂದಮೇಲೆ ಮೊದಲ ಸಲ ಅವಳಿಗೆ ತನ್ನ ಕಸುಬಿನ ಹಸಿವಾಗಿತ್ತು.

ಅವಳ ಕಸುಬು ಬೆರಳು. ದಾವಣಗೆರೆಯಲ್ಲಿ ಹುಟ್ಟಿ, ಮದುವೆಯಾಗಿ ಇಂಗ್ಲೆಂಡಿನ ಲೆಸ್ಟರ್ ಊರಿಗೆ ಹೋಗಿ, ಅಲ್ಲಿನ ಪೊಲೀಸರ ಬೆರಳಚ್ಚು ವಿಭಾಗದಲ್ಲಿ ಕಾರ್ಡು ಜೋಡಿಸುವ ಗುಮಾಸ್ತೆಯಾಗಿ ಸೇರಿದವಳು, ಇಪ್ಪತ್ತೈದು ವರ್ಷದಲ್ಲಿ ಕೋರ್ಟಿನ ಕಟಕಟೆ ಹತ್ತಿ ಸಾಕ್ಷಿ ಹೇಳುವ ತಜ್ಞೆಯಾಗಿದ್ದಳು. ಗಂಡ ತೀರಿಕೊಂಡಮೇಲೆ, ಹೋದ ವರ್ಷವಷ್ಟೇ ನಿವೃತ್ತಿ ತಗೊಂಡು, ನಾರ್ತ್‌ವಿಲ್‌ನಲ್ಲಿ ಕಾರ್ ಕಂಪನಿಯ ಇಂಜಿನಿಯರ್ ಆಗಿದ್ದ ಮಗ ಶಶಿಧರನ ಮನೆಗೆ ಬಂದಿದ್ದಳು. "ಅಮ್ಮ, ಇನ್ನಾದ್ರೂ ಆರಾಮಾಗಿರು" ಎಂದಿದ್ದ ಮಗ. ಆರಾಮು ಅವಳ ಜಾತಕದಲ್ಲಿ ಬರೆದಿರಲಿಲ್ಲ. ಬೆರಳು ನೋಡಿಕೊಡಿ ಎಂದು ಹಾದಿಯಾ ಕೇಳಿದ್ದೇ ತಡ, ಹೊರಟು ಬಂದಿದ್ದಳು.

"ಇಲ್ನೋಡು ಹಾದಿಯಾ." ರುದ್ರಮ್ಮ ಎರಡು ದೊಡ್ಡ ಫೋಟೋಗಳನ್ನು ಪಕ್ಕಪಕ್ಕ ಇಟ್ಟಳು. ಪೊಲೀಸರು ಕೊಟ್ಟ ಫೋಟೋ ಅಷ್ಟೇ. ಒಂದು, ಸೀಸೆಯ ಮೇಲಿದ್ದ ಅಚ್ಚು. ಇನ್ನೊಂದು, ಗಂಗವ್ವನ ಹೆಸರಿನ ಕಾರ್ಡಿನಲ್ಲಿ 'ಬಲಗೈ ನಡುಬೆರಳು' ಎಂಬ ಚೌಕದಲ್ಲಿದ್ದ ಅಚ್ಚು. "ಎರಡರಲ್ಲೂ ಒಂದೇ ಸುಳಿ. ಗೆರೆ ಎಲ್ಲಿ ನಿಂತಿದೆ, ಎಲ್ಲಿ ಒಡೆದು ಎರಡಾಗಿದೆ, ಅದಕ್ಕೆ ನಾವು ಗುರುತು ಅಂತೀವಿ. ಈ ಫೋಟೋದಲ್ಲಿ ಹನ್ನೊಂದು ಗುರುತು ಕೂಡ್ತವೆ. ಎಷ್ಟು ಸ್ಪಷ್ಟ ನೋಡು. ಈಗ ಇವಳ ಬೆರಳು ನೋಡು."

ಹಾದಿಯಾ ಭೂತಗನ್ನಡಿ ಹಿಡಿದಳು. ಡೆವನ್ ಅವೆನ್ಯೂ ಬೀದಿಯಲ್ಲಿ ಅಪ್ಪನ ದಿನಸಿ ಅಂಗಡಿಯ ಮೇಲಿನ ಮನೆಯಲ್ಲಿ ಬೆಳೆದ ಹುಡುಗಿ. ಅಪ್ಪ ಅಮ್ಮ ಹರಿಹರದವರು, ಇವಳು ಚಿಕಾಗೋದವಳು. ಈಗ ಇಲ್ಲೇ ಪಕ್ಕದ ನೋವೈಯಲ್ಲಿ ಸ್ವಂತ ಆಫೀಸಿಟ್ಟು ಮೂರು ವರ್ಷ.

"ಓ ಮೈ ಗಾಡ್, ಆಂಟಿ. ಇಟ್ಸ್ ಜಸ್ಟ್ ಸ್ಮೂತ್. ಗೆರೇನೇ ಇಲ್ಲ."

"ಐವತ್ತು ವರ್ಷ ಜೋಳದ ಹಿಟ್ಟು ಉಜ್ಜಿದೆ, ಐವತ್ತು ವರ್ಷ ಹಂಚು ಸುಟ್ಟಿದೆ. ಗೆರೆ ಎಲ್ಲಿಂದ ಉಳೀಬೇಕು? ಈ ಬೆರಳು ಗಾಜು ಮುಟ್ಟಿದರೆ ಬೀಳೋದು ಬರೀ ಮಚ್ಚೆ. ಯಾರದೋ ಕಾರ್ಡಿಗೆ ಇವಳ ಹೆಸರು ಬರೆದಿದ್ದಾರೆ."

ಗಂಗವ್ವ ಇಬ್ಬರ ಮುಖವನ್ನೂ ನೋಡಿದಳು. "ಅಂದ್ರ ನನ್ನ ಬಿಡ್ತಾರೇನ್ರಿ ಅಕ್ಕಾರ?"

"ಬಿಡದೆ ಏನು ಮಾಡ್ತಾರೆ? ನಾ ಬಿಡಿಸ್ತೀನಿ."

ಹಾದಿಯಾ ಡಿಟೆಕ್ಟಿವ್ ನೊವಾಕ್‌ನನ್ನು ಕರೆಯಲು ಎದ್ದು ಹೋದಳು. ರುದ್ರಮ್ಮ ಸೀಸೆಯ ಫೋಟೋವನ್ನು ಇನ್ನೊಂದು ಸಲ ಎತ್ತಿಕೊಂಡಳು. ಅದರಲ್ಲೊಂದು ಸಂಗತಿ ಬೆಳಗಿನಿಂದ ಅವಳನ್ನು ಕಾಡುತ್ತಿತ್ತು. ಬೆರಳು ಸೀಸೆಯ ಮೇಲೆ ತಲೆಕೆಳಗಾಗಿ ಕೂತಿತ್ತು. ಅದರ ಒಂದು ಮಗ್ಗುಲಲ್ಲಿ ಗೆರೆಗಳು ಜಾರಿದ್ದವು. ಸೀಸೆ ಹಿಡಿದು ಔಷಧಿ ಎಳೆದುಕೊಳ್ಳುವವರ ಬೆರಳು ಹಾಗೆ ಜಾರುವುದಿಲ್ಲ. ಪೊಲೀಸರ ವರದಿಯಲ್ಲಿ ಈ ಜಾರಿದ ಗುರುತಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಇರಲಿ, ಆಮೇಲೆ ನೋಡೋಣ ಎಂದುಕೊಂಡು ಅದನ್ನು ಬದಿಗಿಟ್ಟಳು.

ನೀರು ಕುಡಿಯಲು ಹೊರಗೆ ಬಂದರೆ ಬಾಗಿಲಲ್ಲೇ ನಿಂಗಪ್ಪ ಎದುರಾದ. ಗಂಗವ್ವನ ಅಳಿಯ. ನೋವೈಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರ್. ಹೆಂಡತಿಯ ಬಾಣಂತನಕ್ಕೆಂದು ಅತ್ತೆಯನ್ನು ಕರೆಸಿಕೊಂಡಿದ್ದವನು. ಡಾಕ್ಟರ್ ಉಪೇಂದ್ರನ ಹೆಂಡತಿ ಶಾಂಭವಿ ದೇವಸ್ಥಾನದಲ್ಲಿ ಸಿಕ್ಕಿ, ಸಕ್ಕರೆ ಕಾಯಿಲೆಯ ಮಾವನಿಗೆ ಅನ್ನ ಬಿಡಿಸಿ ಜೋಳದ ರೊಟ್ಟಿ ಕೊಡಬೇಕಾಗಿದೆ, ಒಂದೆರಡು ತಿಂಗಳು ಬಂದು ಮಾಡಿಕೊಡಲಿ ಎಂದು ಕೇಳಿದಾಗ ಹೂಂ ಅಂದವನೂ ಇವನೇ.

"ಅಕ್ಕಾರ, ನೀವರ ಒಂದ್ ಮಾತ ಹೇಳ್ರಿ ನಮ್ಮ ಅತ್ತಿಗೆ. ಸಹಿ ಹಾಕಂತ ಹೇಳ್ರಿ."

"ಮಾಡದ ತಪ್ಪಿಗಾ?"

"ತಪ್ಪೋ ಒಪ್ಪೋ, ಒಂದು ವರ್ಷ ಅಷ್ಟ. ಆಮ್ಯಾಲ ಊರಾಗ ಆರಾಮ ಇರ್ತಾರ. ನಾ ಗ್ರೀನ್ ಕಾರ್ಡಿಗೆ ಅಪ್ಲೈ ಮಾಡೇನ್ರಿ. ಕೇಸ್ ನಡದ್ರ ಎಲ್ಲಾರದೂ ತಗದು ನೋಡ್ತಾರ. ನನ್ನ ವೀಸಾ, ನನ್ನ ಡಿಗ್ರಿ, ಎಲ್ಲಾ. ನಿಮಗ ಗೊತ್ತದಲ್ಲ, ಈಗ ಕಾಲ ಹೆಂಗೈತಿ."

ಕಾಲ ಹೇಗಿದೆ ಎಂದು ರುದ್ರಮ್ಮನಿಗೆ ಗೊತ್ತಿತ್ತು. ವಿಮಾನ ನುಗ್ಗಿ ಎರಡು ಗೋಪುರ ಬಿದ್ದು ಒಂದು ವರ್ಷ ಕಳೆದಿತ್ತು, ನಮ್ಮ ಬಣ್ಣದ ಜನ ಎಲ್ಲ ಕೌಂಟರಿನಲ್ಲೂ ಎರಡೆರಡು ಸಲ ಕಾಗದ ತೋರಿಸಬೇಕಾಗಿತ್ತು. ಆದರೂ ಅವಳಿಗೆ ಸಿಟ್ಟು ಬಂತು. ಅತ್ತೆಯನ್ನು ಜೈಲಿಗೆ ತಳ್ಳಿ ತನ್ನ ಕಾಗದ ಕಾಪಾಡಿಕೊಳ್ಳುವ ಗಂಡಸನ್ನು ಕಂಡರೆ ಯಾವ ಹೆಂಗಸಿಗೆ ಸಿಟ್ಟು ಬರುವುದಿಲ್ಲ?

"ಅವತ್ತು ಬೆಳಿಗ್ಗೆ ಅವಳನ್ನ ಆ ಮನೆಗೆ ಬಿಟ್ಟವನು ನೀನೇ ತಾನೆ? ಒಳಗೆ ಹೋಗಿದ್ಯಾ?"

"ಇಲ್ರಿ, ಇಲ್ಲ. ಬಾಗಲದಾಗ ಇಳಿಸಿ ಹೊಂಟೆ. ಪ್ಲಾಂಟಿನಾಗ ಎಂಟಕ್ಕ ಮೀಟಿಂಗ್ ಇತ್ತು. ಡಾಕ್ಟರ್ ಏಳಕ್ಕ ಹೋಗಿದ್ರು, ಶಾಂಭವಿ ಮೇಡಂ ಮ್ಯಾಲ ಜಳಕ ಮಾಡಾಕತ್ತಿದ್ರು."

ಕೇಳಿದ್ದು ಒಂದು, ಬಂದಿದ್ದು ಮೂರು ಉತ್ತರ. ಕಾರಿನಿಂದ ಇಳಿಯದವನಿಗೆ ಮೇಲಿನ ಜಳಕದ ಸುದ್ದಿ ಎಲ್ಲಿಂದ ಬಂತು ಎಂದು ರುದ್ರಮ್ಮ ಕೇಳಬೇಕೆಂದಿದ್ದಳು. ಅಷ್ಟರಲ್ಲಿ ಹಾದಿಯಾ ಕಾರಿಡಾರಿನಿಂದ ಕೈಮಾಡಿ ಕರೆದಳು. ನಿಂಗಪ್ಪ ಗಾಜಿನ ಬಾಗಿಲು ತಳ್ಳಿಕೊಂಡು ಪಾರ್ಕಿಂಗ್ ಕಡೆ ಹೋಗಿ, ತನ್ನ ಬಿಳಿ ಕಾರಿಗೆ ಒರಗಿ ನಿಂತ. ಹೊರಗೆ ನಲವತ್ತೈದು ಡಿಗ್ರಿ ಫ್ಯಾರನ್‌ಹೀಟ್ ಚಳಿ, ಮೇಪಲ್ ಎಲೆ ಒಂದೇ ಸಮ ಉದುರುತ್ತಿತ್ತು.

ಡಿಟೆಕ್ಟಿವ್ ನೊವಾಕ್ ಐವತ್ತರ ಆಸುಪಾಸಿನ ಎತ್ತರದ ಆಳು. ಚ್ಯೂಯಿಂಗ್ ಗಮ್ ಅಗಿಯುತ್ತಾ ಬಂದು ಕುರ್ಚಿ ತಿರುಗಿಸಿ ಕೂತ. ಒರಟನಲ್ಲ. ತನ್ನ ಕೆಲಸ ಮುಗಿದಿದೆ ಎಂದು ನಂಬಿದ ಮನುಷ್ಯನ ಮರ್ಯಾದೆ ಅವನಲ್ಲಿತ್ತು. ಅವನೂ ರುದ್ರಮ್ಮನೂ ಆಡಿದ್ದು ಇಂಗ್ಲಿಷಿನಲ್ಲಿ.

"ಹೇಳಿ ಮೇಡಂ. ಹತ್ತು ನಿಮಿಷ ಇದೆ."

"ನಿಮ್ಮ ಕಾರ್ಡು ಸುಳ್ಳು."

ಅವನ ದವಡೆ ನಿಲ್ಲಲಿಲ್ಲ. "ನಮ್ಮ ಪರೀಕ್ಷಕರು ನೋಡಿದಾರೆ. ಅವರಿಗೆ ತೃಪ್ತಿಯಾಗಿದೆ."

"ಎಷ್ಟು ಗುರುತಿಗೆ ತೃಪ್ತಿಯಾಯ್ತು?"

"ಇಲ್ಲಿ ಲೆಕ್ಕ ಇಲ್ಲ ಮೇಡಂ. ಇಷ್ಟೇ ಇರಬೇಕು ಅನ್ನೋ ಕಾನೂನು ಅಮೆರಿಕದಲ್ಲಿಲ್ಲ. ಅನುಭವಸ್ಥರು ಹೌದು ಅಂದರೆ ಹೌದು. ನಿಮ್ಮ ಇಂಗ್ಲೆಂಡಿನಲ್ಲೂ ಆ ಹದಿನಾರು ಗುರುತು ಕೂಡಲೇಬೇಕು ಅನ್ನೋ ನಿಯಮ ಹೋದ ವರ್ಷ ತೆಗೆದುಹಾಕಿದರಂತಲ್ಲ. ನಾನೂ ಓದಿದೀನಿ."

"ತೆಗೆದರು. ಜೂನ್ ತಿಂಗಳಲ್ಲಿ. ಅವರು ಹದಿನಾರು ಬಿಟ್ಟ ವಾರವೇ ನಾನು ಕೆಲಸ ಬಿಟ್ಟೆ."

"ಯಾಕೆ?"

ಕೇಳಬಾರದಿತ್ತು ಅವನು. ರುದ್ರಮ್ಮ ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಗ್ಗಿದಳು.

"ಕೇಳಿಸ್ಕೊಳ್ಳಿ. ನಾನು ಕೆಲಸಕ್ಕೆ ಸೇರಿದಾಗ ಆ ದೇಶದಲ್ಲಿ ನೇಣು ನಿಂತು ಹತ್ತು ವರ್ಷದ ಮೇಲಾಗಿತ್ತು. ಯಾಕೆ ನಿಲ್ಲಿಸಿದರು? ಹಾಕಿದ ಮೇಲೆ ತಪ್ಪಾಯ್ತು ಅಂತ ಗೊತ್ತಾದ್ರೆ ಇಳಿಸೋಕಾಗಲ್ಲ ಅಂತ. ಆಮೇಲೆ ಪೊಲೀಸರು ಠಾಣೆಯಲ್ಲಿ ಕೂರಿಸಿ ತಪ್ಪೊಪ್ಪಿಗೆ ಬರೆಸಿಕೊಳ್ತಿದ್ದರು. ಹಾಗೆ ಒಪ್ಪಿಕೊಂಡು ವರ್ಷಗಟ್ಟಲೆ ಜೈಲಲ್ಲಿ ಕೊಳೆತವರು ನಿರಪರಾಧಿಗಳು ಅಂತ ಹೊರಗೆ ಬಂದದ್ದನ್ನ ನಾನು ಟೀವಿಯಲ್ಲಿ ನೋಡಿದೀನಿ. ಅದಕ್ಕೆ ಎಂಬತ್ತನಾಲ್ಕರಲ್ಲಿ ಕಾನೂನು ಬದಲಾಯ್ತು, ವಿಚಾರಣೆಯೆಲ್ಲ ಟೇಪಿನಲ್ಲಿ ಹಿಡಿಯೋಕೆ ಶುರುಮಾಡಿದರು. ಅಷ್ಟು ಪೆಟ್ಟು ತಿಂದು ಆ ಜನ ಕಲಿತದ್ದು ಒಂದೇ, ಪೊಲೀಸರು ನಂಬು ಅಂದರೆ ಸಾಲದು, ತೋರಿಸಬೇಕು. ನನ್ನ ಮೇಜಿನ ಮೇಲೆ ಅದಕ್ಕೆ ಹದಿನಾರು ಅಂತ ಹೆಸರಿತ್ತು. ಹದಿನೈದು ಇದ್ದರೂ ನಾನು ಕೋರ್ಟಿಗೆ ಹೋಗ್ತಿರಲಿಲ್ಲ."

"ಹದಿನೈದು ಇದ್ದ ಕಳ್ಳರೆಲ್ಲ ತಪ್ಪಿಸಿಕೊಂಡಿರಬೇಕು."

"ತಪ್ಪಿಸಿಕೊಂಡರು. ಅವರಿಂದ ನನ್ನ ನಿದ್ದೆ ಕೆಟ್ಟಿಲ್ಲ. ನೀವು ಹನ್ನೊಂದಕ್ಕೆ ಒಬ್ಬ ಹೆಂಗಸನ್ನ ಮುಗಿಸೋಕೆ ಹೊರಟಿದೀರಿ, ಅದೂ ಅವಳದ್ದಲ್ಲದ ಬೆರಳಿನಿಂದ."

ನೊವಾಕ್ ಗಡಿಯಾರ ನೋಡಿದ. "ಅವಳದ್ದಲ್ಲ ಅಂತ ಹೇಗೆ ಹೇಳ್ತೀರಿ?"

"ಹೇಳಲ್ಲ. ತೋರಿಸ್ತೀನಿ. ಈಗ, ಇಲ್ಲೇ, ನಿಮ್ಮೆದುರಿಗೆ ಅವಳ ಬೆರಳು ತೆಗೀತೀನಿ."

ಅವನು ಅಗಿಯುತ್ತಲೇ ನಕ್ಕ. "ಸರಿ. ಆದರೆ ಒಂದು ಮಾತು. ನಿಮ್ಮ ಕೈಯಾರೆ ತೆಗೆದ ಅಚ್ಚು ಸೀಸೆಗೆ ಕೂಡಿದರೆ, ಆ ಕಾಗದಕ್ಕೆ ಸಹಿ ಹಾಕು ಅಂತ ನೀವೇ ಅವಳಿಗೆ ಹೇಳಬೇಕು. ನಿಮ್ಮ ಭಾಷೆಯಲ್ಲಿ."

ಹಾದಿಯಾ ಮೇಜಿನ ಕೆಳಗೆ ರುದ್ರಮ್ಮನ ಸೀರೆ ಜಗ್ಗಿದಳು. "ಆಂಟಿ, ಡೋಂಟ್. ಕೋರ್ಟಲ್ಲಿ ಕೇಳೋಣ."

"ಒಪ್ಪಿದೆ" ಎಂದಳು ರುದ್ರಮ್ಮ ನೊವಾಕ್‌ಗೆ.

ಅವಳ ಕೈಚೀಲದಲ್ಲಿ ಸಾಮಾನೆಲ್ಲ ಇತ್ತು. ಅಂಗೈಯಗಲದ ಗಾಜಿನ ಹಲಗೆ, ರಬ್ಬರಿನ ಪುಟ್ಟ ರೋಲರು, ಅರ್ಧ ಮುಗಿದ ಮಸಿ ಟ್ಯೂಬು, ನಾಲ್ಕು ಖಾಲಿ ಕಾರ್ಡು. ಬೇರೆಯವರು ದೇವರ ಮನೆಯ ಬೆಳ್ಳಿ ಬಟ್ಟಲು ತಂದುಕೊಂಡ ಹಾಗೆ ಅವಳು ಲೆಸ್ಟರಿನಿಂದ ಇವನ್ನು ತಂದುಕೊಂಡಿದ್ದಳು. ಗಾಜಿನ ಮೇಲೆ ಹುಣಸೆ ಬೀಜದಷ್ಟು ಮಸಿ ಹಾಕಿ ರೋಲರು ಆಡಿಸಿದಳು. ಗಂಗವ್ವನ ಬಲಗೈ ಹಿಡಿದು, ಒಂದೊಂದೇ ಬೆರಳನ್ನು ಉಗುರಿನ ಈ ಅಂಚಿನಿಂದ ಆ ಅಂಚಿಗೆ ಉರುಳಿಸಿ ಕಾರ್ಡಿಗೆ ಒತ್ತಿದಳು.

ಹೆಬ್ಬೆರಳು, ತೋರುಬೆರಳು, ನಡುಬೆರಳು. ಮೂರೂ ಚೌಕದಲ್ಲಿ ಬಿದ್ದದ್ದು ಕಪ್ಪು ಮಚ್ಚೆ. ಒಂದು ಗೆರೆಯಿಲ್ಲ. ಉಂಗುರ ಬೆರಳಿನ ಬದಿಯಲ್ಲಿ ಮಾತ್ರ ನಾಲ್ಕು ತುಂಡು ಗೆರೆ ಕಂಡವು.

ನೊವಾಕ್ ಅಗಿಯುವುದನ್ನು ನಿಲ್ಲಿಸಿದ.

"ಇನ್ನೊಂದ್ಸಲ."

ಇನ್ನೊಂದು ಸಲ ತೆಗೆದಳು. ಅದೇ ಮಚ್ಚೆ. ಅವನೇ ಗಂಗವ್ವನ ಕೈ ಹಿಡಿದು ಮೂರನೆಯ ಸಲ ಒತ್ತಿಸಿದ. ಆಗಲೂ ಅಷ್ಟೇ.

"ಈಗ ಹೇಳಿ. ನಿಮ್ಮ ಕಾರ್ಡಿನಲ್ಲಿ ಬಲಗೈ ನಡುಬೆರಳು ಅಂತ ಅಷ್ಟು ಚೆಂದದ ಸುಳಿ ಇದೆಯಲ್ಲ, ಅದು ಯಾರದು?"

ಅವನು ಎದ್ದು ಬಾಗಿಲ ಹೊರಗೆ ಇಣುಕಿ, ಮೂಲ ಕಾರ್ಡನ್ನು ಪೂರ್ತಿಯಾಗಿ ತಂದುಕೊಡಲು ಯಾರಿಗೋ ಕೂಗಿ ಹೇಳಿದ. ಅವನ ಕಿವಿಯ ತುದಿ ಕೆಂಪಾಗಿದ್ದನ್ನು ರುದ್ರಮ್ಮ ಕಣ್ತುಂಬ ನೋಡಿದಳು. ಖುಷಿಯಾಯಿತು ಅವಳಿಗೆ. ಆಗಬೇಡವೇನು, ಅರವತ್ತೊಂದನೆಯ ವಯಸ್ಸಿನಲ್ಲಿ ಪರದೇಶದ ಠಾಣೆಯೊಳಗೆ ಕೂತು ಪೊಲೀಸನ ಬಾಯಿ ಮುಚ್ಚಿಸಿದ್ದಕ್ಕೆ.

ಹಾದಿಯಾ ಆಗಲೇ ಫೈಲು ಕಟ್ಟುತ್ತಿದ್ದಳು. "ಇಟ್ಸ್ ಓವರ್, ಆಂಟಿ. ನಾನು ಜಡ್ಜ್ ಮುಂದೆ ಈ ಕಾರ್ಡ್ ಒಂದೇ ಇಡ್ತೀನಿ. ನಡೀರಿ."

ನಡೆದುಬಿಡಬಹುದಿತ್ತು. ಆದರೆ ಲೆಸ್ಟರಿನಲ್ಲಿ ಅವಳಿಗೆ ಕೆಲಸ ಕಲಿಸಿದ ಮುದುಕ ಸಾರ್ಜೆಂಟ್ ಒಂದು ಪಾಠವನ್ನು ತಲೆಗೆ ಹೊಡೆದು ಕೂರಿಸಿದ್ದ. ಹತ್ತು ಬೆರಳು ಮುಗಿಯದೆ ಕಾರ್ಡು ಮೇಜು ಬಿಟ್ಟು ಏಳಕೂಡದು. ಒಂಬತ್ತು ತೆಗೆದ ಕಾರ್ಡು ಕಸದ ಬುಟ್ಟಿಗೆ. ಇಪ್ಪತ್ತೈದು ವರ್ಷದಲ್ಲಿ ಅವಳು ಅರ್ಧ ಕಾರ್ಡಿಗೆ ಸಹಿ ಹಾಕಿದ್ದಿಲ್ಲ.

"ಎಡಗೈ ಕೊಡವ್ವ."

ಗಂಗವ್ವ ಎಡಗೈಯನ್ನು ಮಡಿಲಿಗೆ ಎಳೆದುಕೊಂಡಳು. "ಸಾಕ್ರಿ ಅಕ್ಕಾರ. ಆತಲ್ರಿ."

"ಆಗಿಲ್ಲ. ಕಾರ್ಡು ತುಂಬಬೇಕು. ಕೊಡು, ಒಂದು ನಿಮಿಷದ ಕೆಲಸ."

"ಬ್ಯಾಡ್ರಿ."

ದಣಿದಿದ್ದಾಳೆ ಪಾಪ, ಎಂದುಕೊಂಡಳು ರುದ್ರಮ್ಮ. ಮಗುವಿನ ಕೈ ಬಿಡಿಸುವ ಹಾಗೆ ಮೆಲ್ಲಗೆ ಬಿಡಿಸಿದಳು.

ಹೆಬ್ಬೆರಳಿಗೆ ಮಸಿ ತಾಗಿಸಿ ಉರುಳಿಸಿದಳು. ಗೆರೆ ಎದ್ದು ಬಂತು, ಒಂದೊಂದೂ ಹೆಣೆದಂತೆ. ಬರಲೇಬೇಕಲ್ಲ. ರೊಟ್ಟಿ ಬಡಿಯುವುದು ಬಲಗೈ, ಹಂಚಿನ ಬಿಸಿ ತಿನ್ನುವುದು ಬಲಗೈ. ಎಡಗೈ ಅಂಚು ಹಿಡಿದು ತಿರುಗಿಸುತ್ತದೆ, ಅಷ್ಟೇ. ತೋರುಬೆರಳು ಒತ್ತಿದಳು. ನಡುಬೆರಳು ಒತ್ತಿ ಎತ್ತಿದಳು.

ಎಣಿಸುವ ಮೊದಲೇ ಅವಳ ಕಣ್ಣಿಗೆ ಗೊತ್ತಾಯಿತು.

ಅದೇ ಸುಳಿ. ಸುಳಿಯ ಎಡಕ್ಕೆ ಒಡೆದು ಮತ್ತೆ ಕೂಡಿದ ಅದೇ ಗೆರೆ, ಅದರ ಕೆಳಗೆ ಒಂಟಿಯಾಗಿ ನಿಂತ ಅದೇ ತುಂಡು. ಭೂತಗನ್ನಡಿಯನ್ನು ಸೀಸೆಯ ಫೋಟೋದ ಮೇಲಿಟ್ಟಳು. ಅಲ್ಲಿಂದ ಕಾರ್ಡಿಗೆ, ಕಾರ್ಡಿನಿಂದ ಫೋಟೋಕ್ಕೆ. ಒಂದು, ಎರಡು, ಮೂರು. ತಪ್ಪಿಹೋಗಲಿ ಎಂದು ದೇವರಿಗೆ ಹರಕೆ ಹೊತ್ತುಕೊಂಡೇ ಎಣಿಸಿದಳು. ಒಂದೇ ಒಂದು ಗೆರೆ ಅಡ್ಡ ಬಂದಿದ್ದರೂ ಸಾಕಿತ್ತು, ಅಲ್ಲಿಗೆ ಕೈಬಿಡಬಹುದಿತ್ತು. ಏಳು, ಎಂಟು. ಹನ್ನೊಂದಕ್ಕೆ ನಿಲ್ಲಬಹುದು ಎಂದುಕೊಂಡಳು. ಪೊಲೀಸರ ಕಾರ್ಡಿನ ಫೋಟೋದಲ್ಲಿ ಸಿಗದಿದ್ದವು ಅವಳದೇ ಮಸಿಯಲ್ಲಿ ಒಂದೊಂದಾಗಿ ಎದ್ದು ಬಂದವು. ಹದಿಮೂರು, ಹದಿನಾಲ್ಕು.

ಬಾಗಿಲು ತೆರೆಯಿತು. ನೊವಾಕ್ ಕಾರ್ಡು ಹಿಡಿದು ಬಂದಿದ್ದ, ಮುಖ ಹುಳ್ಳಗಾಗಿತ್ತು.

"ನಮ್ಮ ತಪ್ಪೇ. ಅವತ್ತು ಬೆರಳು ತೆಗೆದವನು ಹೊಸಬ. ಬಲಗೈ ಎಷ್ಟು ಸಲ ಒತ್ತಿದರೂ ಬರಲಿಲ್ಲವಂತೆ. ಬರದ ಕಾರ್ಡು ಕೊಟ್ಟರೆ ಬೈಗುಳ ಅಂತ ಎಡಗೈಯನ್ನೇ ಎರಡೂ ಸಾಲಿಗೆ ಒತ್ತಿಸಿದಾನೆ. ಪರೀಕ್ಷಕರು ಒಂದು ಬೆರಳು ಕೂಡಿದ ತಕ್ಷಣ ನಿಲ್ಲಿಸಿಬಿಟ್ಟಿದಾರೆ. ಕೆಳಗಿನ ಸಾಲು ನೋಡೇ ಇಲ್ಲ."

ಕಾರ್ಡನ್ನು ಮೇಜಿನ ಮೇಲಿಟ್ಟ. ಬಲಗೈಗೆಂದಿದ್ದ ಮೇಲಿನ ಸಾಲಿನ ನಡುಬೆರಳೂ ಎಡಗೈಗೆಂದಿದ್ದ ಕೆಳಗಿನ ಸಾಲಿನ ನಡುಬೆರಳೂ ಒಂದೇ.

ರುದ್ರಮ್ಮನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು. ಹೊಸಬನನ್ನು ಬೈದು ಏನು ಬಂತು? ಸುಳಿಯಿರುವ ಬೆರಳು ಎಡವೋ ಬಲವೋ ಎಂದು ಒಂದು ಅಚ್ಚು ನೋಡಿ ಹೇಳುವುದು ಕಷ್ಟ ಎಂಬುದು ಮೊದಲ ವರ್ಷದ ಪಾಠ. ಕಾಗದದಲ್ಲಿ ಬಲಗೈ ಎಂದು ಬರೆದದ್ದನ್ನು ನಂಬಿ, ಗಂಗವ್ವನ ಎಡಗೈಯನ್ನು ತಿರುಗಿಸಿ ಸಹ ನೋಡದೆ, ಗೆದ್ದೆ ಎಂದು ಬೀಗಿದವಳು ಅವಳೇ. ಪೊಲೀಸರನ್ನು ನಂಬಬೇಡಿ ಎಂದು ಭಾಷಣ ಮಾಡಿದ ಬಾಯಲ್ಲೇ ಪೊಲೀಸರ ಕಾಗದ ನಂಬಿದ್ದಳು.

ನೊವಾಕ್‌ನ ಕಣ್ಣು ಅವಳ ಮುಂದಿದ್ದ ಹೊಸ ಕಾರ್ಡಿನ ಮೇಲೆ ಬಿತ್ತು. ಆಮೇಲೆ ಅವಳ ಮುಖದ ಮೇಲೆ.

"ಎಡಗೈನೂ ತೆಗೆದಿರಾ? ಏನಾಯ್ತು?"

ಹಾದಿಯಾ ಮೇಜಿನ ಕೆಳಗೆ ಅವಳ ಪಾದವನ್ನು ತುಳಿದಳು. "ಆಂಟಿ, ನೀವು ಏನೂ ಹೇಳಬೇಕಾಗಿಲ್ಲ. ನೀವು ನಮ್ಮ ಕಡೆಯೋರು."

ನಿಜ. ಹೇಳಬೇಕಾಗಿರಲಿಲ್ಲ. ಕಾರ್ಡು ಮಡಚಿ ಕೈಚೀಲಕ್ಕೆ ಹಾಕಿಕೊಂಡು ಎದ್ದಿದ್ದರೆ ಯಾರೂ ತಡೆಯುತ್ತಿರಲಿಲ್ಲ. ರುದ್ರಮ್ಮ ಉಳಿದ ಎರಡನ್ನೂ ಎಣಿಸಿ ಮುಗಿಸಿದಳು, ಭೂತಗನ್ನಡಿ ಕೆಳಗಿಟ್ಟಳು.

"ಹದಿನಾರು" ಎಂದಳು.

ನೊವಾಕ್‌ನ ಮುಖದಲ್ಲಿ ಗೆಲುವು ಕಾಣಲಿಲ್ಲ, ಅದೊಂದು ಅವನ ದೊಡ್ಡತನ. ಒಪ್ಪಿಗೆಯ ಕಾಗದವನ್ನು ಮೆಲ್ಲಗೆ ಅವಳ ಕಡೆ ಸರಿಸಿದ. ಮಾತು ಕೊಟ್ಟಿದ್ದಳಲ್ಲ.

ರುದ್ರಮ್ಮ ಗಂಗವ್ವನ ಕಡೆ ತಿರುಗಿದಳು. "ಮುಟ್ಟೇ ಇಲ್ಲ ಅಂದ್ಯಲ್ಲೇ ಗಂಗವ್ವ. ನನ್ನ ಹತ್ರನೂ ಅಂದ್ಯಲ್ಲೇ. ಅದು ನಿನ್ನದೇ ಬೆರಳು. ಈ ಕಾಗದಕ್ಕೆ ಸಹಿ ಹಾಕು ಅಂತ ನಿನಗೆ ಹೇಳ್ತೀನಿ ಅಂತ ಇವನಿಗೆ ಮಾತು ಕೊಟ್ಟಿದೀನಿ. ಹೇಳಿದೀನಿ. ಈಗ ನೀನು ಹೇಳು."

ಗಂಗವ್ವ ಮಸಿ ಮೆತ್ತಿದ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು. ಒಂಬತ್ತು ದಿನದಿಂದ ಬಗ್ಗಿದ್ದ ತಲೆ ನೆಟ್ಟಗಾಯಿತು. ಖಾನಾವಳಿಯಲ್ಲಿ ಜಗಳ ತೆಗೆದ ಗಿರಾಕಿಯನ್ನು ಎಬ್ಬಿಸಿ ಕಳಿಸುವಾಗ ಹೀಗೇ ಕೂರುತ್ತಿದ್ದಳೇನೋ.

"ಮುಟ್ಟಿಲ್ಲ ಅಂದದ್ದು ಸುಳ್ಳರಿ ಅಕ್ಕಾರ. ಚುಚ್ಚಿಲ್ಲ ಅನ್ನೂದು ಖರೇ. ಆ ಸೀಸೆ ನಾ ಕಸ್ಗೊಂಡೆ. ಕಸ್ಗೊಳ್ಳೂದರಾಗ ತಡ ಆಗಿತ್ತು. ಕಸದಾಗ ಒಗದಾಕಿ ನಾನ. ಆ ಹಿರಿಯಾರು ನನ್ನ ರೊಟ್ಟಿ ಉಂಡು, ಗಂಗವ್ವಾ ನಿನ್ನ ಕೈಗೆ ನಮಸ್ಕಾರ ಅಂತಿದ್ರು. ಅವ್ರಿಗೆ ನಾ ವಿಷ ಹಾಕೇನಿ ಅಂತ ಬರದ ಕಾಗದಕ್ಕ ಸಹಿ ಹಾಕಂಗಿಲ್ಲ. ಗಲ್ಲಿಗೆ ಹಾಕಲಿ ಬೇಕಾದ್ರ."

ಜಾರಿದ ಗೆರೆಗಳು. ತಲೆಕೆಳಗಾಗಿ ಕೂತ ಬೆರಳು. ಇನ್ನೊಬ್ಬರ ಮುಷ್ಟಿಯಿಂದ ಎಡಗೈಯಲ್ಲಿ ಸೀಸೆ ಕಿತ್ತುಕೊಂಡರೆ ಬೆರಳು ಹಾಗೇ ಬೀಳುತ್ತದೆ, ಹಾಗೇ ಜಾರುತ್ತದೆ. ಬೆಳಗಿನಿಂದ ಕಣ್ಣ ಮುಂದೆಯೇ ಇತ್ತು.

"ಯಾರ ಕೈಯಿಂದ ಕಿತ್ಕೊಂಡೆ?"

ಗಂಗವ್ವ ತಲೆಯಾಡಿಸಿದಳು. "ಹೊರಗ ನಮ್ಮ ಅಳಿಯಾರು ನಿಂತಾರಲ್ರಿ, ಅವ್ರಿಗೆ ಹೇಳ್ರಿ. ಅತ್ತಿ ಸಹಿ ಹಾಕಂಗಿಲ್ಲ ಅಂತ ಹೇಳ್ರಿ. ಹೆದರಬ್ಯಾಡ ಅನ್ರಿ. ನನ್ನ ಮಗಳ ಕುಂಕುಮಕ್ಕ ನಾ ಕೈ ಹಚ್ಚಂಗಿಲ್ಲ. ಹೆಸರು ನನ್ನ ಬಾಯಿಂದ ಬರಂಗಿಲ್ಲ."

ಹಾದಿಯಾ ಫೈಲಿನ ಮೇಲೆ ಎರಡೂ ಕೈಯಿಟ್ಟು ತಲೆ ತಗ್ಗಿಸಿದಳು.

ವೆಂಕಟರಾಮು ಮೈಸೂರಲ್ಲಿ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಮೂವತ್ತು ವರ್ಷ ಸುಳ್ಳು ಅಂಕಪಟ್ಟಿ ಹಿಡಿಯುವ ಕೆಲಸ ಮಾಡಿದವರು. ನೋವೈಯ ಬಾಲಾಜಿ ದೇವಸ್ಥಾನದಲ್ಲಿ ಪ್ರಸಾದಕ್ಕೆ ಕೂತರೂ ಪಕ್ಕದವರನ್ನು ಯಾವ ಕಾಲೇಜು, ಯಾವ ವರ್ಷ, ಯಾವ ರ್‍ಯಾಂಕು ಎಂದು ಕೆದಕದೆ ಬಿಡುತ್ತಿರಲಿಲ್ಲ. ನನ್ನ ವೀಸಾ, ನನ್ನ ಡಿಗ್ರಿ ಎಂದು ನಿಂಗಪ್ಪ ತೊದಲಿದ್ದು ರುದ್ರಮ್ಮನ ಕಿವಿಯಲ್ಲಿ ಈಗ ಬೇರೆಯಾಗಿ ಕೇಳಿಸಿತು. ಮೇಲಿನ ಜಳಕದ ಸುದ್ದಿಯೂ.

"ಏನಂದಳು?" ಎಂದ ನೊವಾಕ್. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಪೆನ್ನು ಬಿಚ್ಚಿಕೊಂಡ. "ಮೇಡಂ, ಅವಳು ಹೇಳಿದ್ದು ಇಂಗ್ಲಿಷಿನಲ್ಲಿ ಹೇಳಿ."

ಗಂಗವ್ವ ಅವಳನ್ನೇ ನೋಡುತ್ತಿದ್ದಳು. ಬೇಡುವ ನೋಟವಲ್ಲ ಅದು. ನಿನ್ನ ಸರದಿ ಈಗ ಎನ್ನುವ ನೋಟ. ಬೆರಳಿನ ವಿಷಯದಲ್ಲಿ ರುದ್ರಮ್ಮ ಇವತ್ತಿನವರೆಗೆ ಒಂದು ಗೆರೆ ಬಚ್ಚಿಟ್ಟವಳಲ್ಲ. ಆದರೆ ಈ ಮಾತನ್ನು ಇವನ ಪುಸ್ತಕಕ್ಕೆ ಬರೆಸಿ, ಗಂಗವ್ವ ಒಂಬತ್ತು ದಿನ ಹಲ್ಲು ಕಚ್ಚಿ ಕಾಯ್ದದ್ದನ್ನು ಒಂದು ನಿಮಿಷದಲ್ಲಿ ಒಪ್ಪಿಸಿಬಿಡಲು ಅವಳಿಗೆ ಮನಸ್ಸು ಬರಲಿಲ್ಲ. ಮೊದಲು ಆ ಗಂಡಸಿನ ಕೊರಳಪಟ್ಟಿ ತಾನೇ ಹಿಡಿದು ಕೇಳಬೇಕು.

"ಸಹಿ ಹಾಕಲ್ಲ ಅಂದಳು."

"ಇಷ್ಟೇನಾ? ಅವಳು ಬಹಳ ಹೊತ್ತು ಮಾತಾಡಿದಳು."

"ನಮ್ಮ ಕಡೆ ಬೇಡ ಅನ್ನೋಕೆ ಅಷ್ಟು ಹೊತ್ತು ಬೇಕು." ರುದ್ರಮ್ಮ ಒಪ್ಪಿಗೆಯ ಕಾಗದವನ್ನು ಅವನ ಕಡೆಗೇ ವಾಪಸು ತಳ್ಳಿದಳು. "ಅವಳು ಮೊಕದ್ದಮೆ ಎದುರಿಸ್ತಾಳೆ. ಜಾರಿದ ಗುರುತು ಯಾಕೆ ವರದಿಯಲ್ಲಿಲ್ಲ ಅಂತ ನಾನು ಕಟಕಟೆ ಹತ್ತಿ ಕೇಳ್ತೀನಿ. ಬರೆದುಕೊಳ್ಳಿ."

ಎದ್ದು, ಮಸಿಗೈಯಲ್ಲೇ ಕಿಟಕಿಯ ಪರದೆ ಸರಿಸಿದಳು. ಪಾರ್ಕಿಂಗ್ ತುಂಬ ಮೇಪಲ್ ಎಲೆ ಹಾಸಿತ್ತು. ಬೆಳಗಿನಿಂದ ನಿಂಗಪ್ಪನ ಬಿಳಿ ಕಾರು ನಿಂತಿದ್ದ ಕಡೆ ಮಾತ್ರ, ಒಂದು ಕಾರಿನಷ್ಟು ಜಾಗ, ಎಲೆಯಿಲ್ಲದೆ ಬರಿದಾಗಿತ್ತು.